ಕೆಕೆ ಗಾಡಿಯಲ್ಲಿ ದಿಲ್ಲಿಗೆ: ಕಲಬುರಗಿಯ ಬೇಳೆ ವ್ಯಾಪಾರಿಯೊಬ್ಬಳ ವಿಮರ್ಶೆ

ಕಲಬುರಗಿಯಿಂದ ದಿಲ್ಲಿಗೆ ವ್ಯಾಪಾರದ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವ ಗಾಡಿ ಒಂದೇ, ಕರ್ನಾಟಕ ಎಕ್ಸ್‌ಪ್ರೆಸ್. ಹೋಗುವಾಗ 12627, ಬರುವಾಗ 12628. ನಮ್ಮ ಗಂಜಿನ (ಧಾನ್ಯದ ಮಾರುಕಟ್ಟೆಯ) ಹಿರಿಯರು ಇವತ್ತಿಗೂ ಅದನ್ನು ಕೆಕೆ ಅಂತಲೇ ಕರೆಯುತ್ತಾರೆ. 1976ರಲ್ಲಿ ಶುರುವಾದಾಗ ಅದು ಕೇರಳ–ಕರ್ನಾಟಕ ಎಕ್ಸ್‌ಪ್ರೆಸ್ ಆಗಿತ್ತು. ಆಮೇಲೆ ಎರಡು ರಾಜ್ಯಕ್ಕೆ ಎರಡು ಗಾಡಿ ಆದವು. ಹಳೇ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದುಕೊಂಡಿದೆ.

ನಮ್ಮದು ಸಣ್ಣ ದಾಲ್ ಮಿಲ್. ಮಾವ ಹಾಕಿದ್ದು. ಮಿಲ್ಲಿನ ಯಂತ್ರ, ಹಮಾಲರು, ಗಂಜಿನಲ್ಲಿ ತೊಗರಿ ಖರೀದಿ ಎಲ್ಲಾ ನನ್ನ ಯಜಮಾನರು ನೋಡಿಕೊಳ್ಳುತ್ತಾರೆ. ಬೇಳೆ ಮಾರುವುದು, ಬಾಕಿ ವಸೂಲಿ ಮಾಡುವುದು ನನ್ನ ಪಾಲಿಗೆ ಬಂದಿದೆ. ಮೊದಲು ಈ ಕೆಲಸ ಮಾವ ಮಾಡುತ್ತಿದ್ದರು. ಬಟ್ಟೆ ಚೀಲದಲ್ಲಿ ಸ್ಯಾಂಪಲ್ ಕಟ್ಟಿಕೊಂಡು ಇದೇ ಗಾಡಿ ಹತ್ತುತ್ತಿದ್ದರು. ನನ್ನ ಕೈಗೆ ಲೆಕ್ಕದ ಪುಸ್ತಕ ಕೊಟ್ಟ ದಿನ ಅವರು ಹೇಳಿದ್ದು ಇಷ್ಟೇ: "ಲಾರಿ ಮಾಲ್ ಒಯ್ತದ. ಉದ್ರಿ ರೊಕ್ಕಾ ಮನುಷ್ಯಾನೇ ಹೋಗಿ ತರಬೇಕವ್ವ." ಈಗ ಹಣ ಆರ್‌ಟಿಜಿಎಸ್‌ನಲ್ಲಿ ಬರುತ್ತದೆ. ಆದರೂ ಅವರ ಮಾತು ಹಳತಾಗಿಲ್ಲ.

ಈ ಗಾಡಿಯ ದೊಡ್ಡ ಗುಣ ಅದರ ಸಮಯ. ಬೆಂಗಳೂರನ್ನು ಸಂಜೆ ಬಿಡುತ್ತದೆ, ಬೆಳಗಿನ ಜಾವ ಕಲಬುರಗಿಗೆ ಬರುತ್ತದೆ. ಅಲ್ಲಿಂದ ದಿಲ್ಲಿಗೆ ಸುಮಾರು 1,800 ಕಿಲೋಮೀಟರ್. ಒಂದು ಹಗಲು, ಒಂದು ರಾತ್ರಿ ಕಳೆದರೆ ಮರುದಿನ ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ನ್ಯೂ ಡೆಲ್ಲಿ ಸ್ಟೇಷನ್. ವಾಪಸ್ ಗಾಡಿ ಹೊರಡುವುದು ರಾತ್ರಿ ಎಂಟು ದಾಟಿದ ಮೇಲೆ. ಅಂದರೆ ಬೆಳಿಗ್ಗೆ ಇಳಿದು, ಇಡೀ ದಿನ ಮಾರ್ಕೆಟ್ ಸುತ್ತಿ, ಅದೇ ರಾತ್ರಿ ಹೊರಡಬಹುದು. ಲಾಡ್ಜ್ ಖರ್ಚಿಲ್ಲ. ಸಣ್ಣ ಮಿಲ್ಲಿನವರಿಗೆ ಇದು ಸಣ್ಣ ವಿಷಯವಲ್ಲ. ದಿಲ್ಲಿಯಲ್ಲಿ ಒಂದು ರಾತ್ರಿ ಕೋಣೆ ಹಿಡಿದರೆ ಕೆಲವು ಕ್ವಿಂಟಲ್ ಬೇಳೆಯ ಲಾಭ ಅಲ್ಲೇ ಹೋಯಿತು. ಹೆಂಗಸರು ಒಬ್ಬರೇ ಹೋದರೆ ಕಂಡಕಂಡ ಕೋಣೆ ಹಿಡಿಯಲೂ ಆಗುವುದಿಲ್ಲ. ಒಮ್ಮೆ ಕೆಲಸ ಮುಗಿಯದೆ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಉಳಿದಿದ್ದೆ. ಬಾಗಿಲಿನ ಚಿಲಕ ಸರಿ ಇರಲಿಲ್ಲ. ರಾತ್ರಿಯೆಲ್ಲ ಕುರ್ಚಿಯನ್ನು ಬಾಗಿಲಿಗೆ ಒತ್ತಿ ಇಟ್ಟು ಎಚ್ಚರವಾಗೇ ಇದ್ದೆ. ಆವತ್ತಿನಿಂದ ಹೋಗುವ ಟಿಕೆಟ್ ತೆಗೆಯುವಾಗಲೇ ಬರುವ ಟಿಕೆಟ್ಟನ್ನೂ ತೆಗೆಯುತ್ತೇನೆ.

ಸಾಮಾನಿನ ವಿಷಯ. ಥರ್ಡ್ ಎ.ಸಿ.ಯಲ್ಲೂ ಸ್ಲೀಪರ್‌ನಲ್ಲೂ ಒಬ್ಬರಿಗೆ 40 ಕಿಲೋ ಉಚಿತ. ಸೆಕೆಂಡ್ ಎ.ಸಿ.ಗೆ 50. ವಿಮಾನದಲ್ಲಿ ಇಷ್ಟು ತೂಕಕ್ಕೆ ಸುಮ್ನೆ ಬಿಡುವುದಿಲ್ಲ. ನನ್ನ ಸ್ಯಾಂಪಲ್ ಚೀಲಗಳು ಬಟ್ಟೆ ಬರೆ ಸೇರಿ ಇದರೊಳಗೇ ಮುಗಿಯುತ್ತವೆ. ಒಂದೊಂದು ಕಿಲೋದ ಹತ್ತಾರು ಪೊಟ್ಟಣ. ಮೇಲಿನ ದರ್ಜೆಯ ಫಟ್ಕಾ ಬೇರೆ, ಅದಕ್ಕಿಂತ ಕೆಳಗಿನ ದರ್ಜೆ ಬೇರೆ, ಎಣ್ಣೆ ಹಚ್ಚಿದ್ದು ಬೇರೆ, ಹಚ್ಚದ್ದು ಬೇರೆ. ಕೆಳ ಬರ್ತಿನ ಅಡಿಯಲ್ಲಿ ಆರಾಮಾಗಿ ಕೂರುತ್ತವೆ. ಅದಕ್ಕೇ ನಾನು ಕೆಳ ಬರ್ತ್ ಕೇಳುವುದು.

ಟಿಕೆಟ್ ತೆಗೆಯುವಾಗ ಕಲಬುರಗಿಯವರು ಒಂದು ಸಂಗತಿ ಗಮನಿಸಬೇಕು. ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಈ ದಿನಗಳನ್ನು ಎಣಿಸುವುದು ಗಾಡಿ ಬೆಂಗಳೂರು ಬಿಡುವ ತಾರೀಕಿನಿಂದ. ನಾವು ಹತ್ತುವ ತಾರೀಕಿನಿಂದ ಅಲ್ಲ. ತತ್ಕಾಲಿಗೂ ಹೀಗೇ. ನೀವು 15ನೇ ತಾರೀಕು ಬೆಳಗಿನ ಜಾವ ಇಲ್ಲಿ ಹತ್ತಬೇಕು ಅಂದುಕೊಳ್ಳಿ. ಆ ಗಾಡಿ ಬೆಂಗಳೂರು ಬಿಡುವುದು 14ಕ್ಕೆ. ಹಾಗಾಗಿ ತತ್ಕಾಲ್ ತೆರೆಯುವುದು 13ಕ್ಕೆ. ಎ.ಸಿ.ಗೆ ಬೆಳಿಗ್ಗೆ 10 ಗಂಟೆ, ಸ್ಲೀಪರ್‌ಗೆ 11. ನಮ್ಮ ಗಂಜಿನ ಎಷ್ಟೋ ಜನ 14ಕ್ಕೆ ಕೂತು ಪ್ರಯತ್ನ ಮಾಡಿ, ಸೀಟಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಸೀಟು ಹಿಂದಿನ ದಿನವೇ ಹೋಗಿರುತ್ತವೆ.

ಊಟದ ಬಗ್ಗೆ ನನ್ನ ಹತ್ತಿರ ವಿಮರ್ಶೆ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಮನೆಯಿಂದಲೇ ಒಯ್ಯುತ್ತೇನೆ. ಖಡಕ್ ರೊಟ್ಟಿ ಹೋಗಿ ಬರುವವರೆಗೂ ಕೆಡುವುದಿಲ್ಲ. ಸೋಲಾಪುರದಲ್ಲಿ ಚಹಾ, ಭುಸಾವಳದಲ್ಲಿ ಬಾಳೆಹಣ್ಣು. ಅಷ್ಟು ಸಾಕು.

ಹಾದಿಯಲ್ಲಿ ಜೊತೆಗೆ ಯಾರು ಸಿಗುತ್ತಾರೆ ಅನ್ನುವುದೂ ಈ ಗಾಡಿಯ ಒಂದು ಲಾಭ. ರಜೆ ಮುಗಿಸಿ ಹೊರಟ ಸೈನಿಕರು, ಐಎಎಸ್ ಕೋಚಿಂಗಿಗೆ ದಿಲ್ಲಿಯ ರಾಜೇಂದ್ರ ನಗರಕ್ಕೆ ಹೋಗುವ ಮಕ್ಕಳು, ಕೋಪರಗಾಂವದಲ್ಲಿ ಇಳಿದು ಶಿರಡಿಗೆ ಹೋಗುವ ಕುಟುಂಬಗಳು. ಆಳಂದದ ಒಬ್ಬ ಹುಡುಗ ಒಂದು ಸಲ ಎದುರಿನ ಬರ್ತಿನಲ್ಲಿದ್ದ. ಅವನ ಅಪ್ಪ ತೊಗರಿ ಬೆಳೆಗಾರ. ಕೋಚಿಂಗ್ ಫೀಸಿನ ಎರಡನೇ ಕಂತು ಆ ವರ್ಷದ ತೊಗರಿ ದರದ ಮೇಲೆ ನಿಂತಿತ್ತು. "ಅಕ್ಕಾ, ರೇಟ್ ಏನಾಗ್ತದ್ರಿ?" ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಆ ದರ ನಮ್ಮ ಗಂಜಿನಲ್ಲಿ ಮಾತ್ರ ಹುಟ್ಟುವುದಿಲ್ಲ. ನಾವಿಬ್ಬರೂ ಹೊರಟಿದ್ದ ಊರಿನಲ್ಲೂ ಹುಟ್ಟುತ್ತದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿಯದಿದ್ದರೆ ಈ ಗಾಡಿ ನಮಗೆ ಇಷ್ಟು ಯಾಕೆ ಬೇಕು ಅನ್ನುವುದೂ ತಿಳಿಯುವುದಿಲ್ಲ.

ಕಲಬುರಗಿ ಜಿಲ್ಲೆಯಲ್ಲಿ ಸುಮಾರು 6 ಲಕ್ಷ ಹೆಕ್ಟೇರಿನಲ್ಲಿ ತೊಗರಿ ಬಿತ್ತುತ್ತಾರೆ. ನೆಹರು ಗಂಜ್, ಅದರ ಸುತ್ತಲಿನ ಮಿಲ್ಲುಗಳು, ಹಮಾಲರು, ಲಾರಿಯವರು, ಅಡತ್ (ಕಮಿಷನ್) ಅಂಗಡಿಗಳು ಎಲ್ಲಾ ನಿಂತಿರುವುದು ಇದರ ಮೇಲೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಇಷ್ಟು ಬೇಳೆಯನ್ನು ನಾವೇ ತಿಂದು ಮುಗಿಸುವುದಿಲ್ಲ ಅಲ್ವಾ? ಹೊರಗೆ ಕಳಿಸಬೇಕು. ದಿಲ್ಲಿಯ ಧಾನ್ಯದ ಸಗಟು ಮಾರ್ಕೆಟ್ ನಯಾ ಬಜಾರ್ ಅದಕ್ಕೆ ಒಂದು ದೊಡ್ಡ ಬಾಗಿಲು. ಅಲ್ಲಿಗೆ ಹೋದ ಬೇಳೆ ದಿಲ್ಲಿಯಲ್ಲೇ ಉಳಿಯುವುದಿಲ್ಲ. ಹರಿಯಾಣ, ಪಂಜಾಬ್, ಹಿಮಾಚಲದ ಅಂಗಡಿಗಳವರೆಗೆ ಹೋಗುತ್ತದೆ.

ಮಾರುವ ದಿಲ್ಲಿ ಒಂದಾದರೆ ತೀರ್ಮಾನ ಮಾಡುವ ದಿಲ್ಲಿ ಇನ್ನೊಂದು. ಬೆಂಬಲ ಬೆಲೆ, ಆಮದು ಸುಂಕ, ದಾಸ್ತಾನಿನ ಮಿತಿ ಎಲ್ಲಾ ಅಲ್ಲೇ ಆಗುವುದು. ಚಾಂದನಿ ಚೌಕ್ ಮೆಟ್ರೋ ಸ್ಟೇಷನ್ನಿನಿಂದ ಸೆಂಟ್ರಲ್ ಸೆಕ್ರೆಟೇರಿಯಟ್ ಸ್ಟೇಷನ್ನಿಗೆ ಹಳದಿ ಲೈನಿನಲ್ಲಿ ಬರೀ ಐದು ಸ್ಟಾಪ್. ಅಲ್ಲಿ ಇಳಿದರೆ ಕೃಷಿ ಭವನ ಹತ್ತಿರ. ನಮ್ಮ ಬೇಳೆ ಕೊಳ್ಳುವವರು, ನಮ್ಮ ಬೇಳೆಯ ಭವಿಷ್ಯ ಬರೆಯುವವರು ಐದು ಸ್ಟಾಪ್ ಅಂತರದಲ್ಲಿದ್ದಾರೆ. ನಾವು ಮಾತ್ರ ದೂರ.

2015ರ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಕೇಂದ್ರ ಸರ್ಕಾರ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 2 ಲಕ್ಷ ಟನ್ ವರೆಗೆ ತೊಗರಿ ತರಿಸುವ ಒಪ್ಪಂದ. ಅತ್ತ ದರ ನೋಡಿ ನಮ್ಮ ರೈತರೂ ಜಾಸ್ತಿ ಬಿತ್ತಿದರು, ಮಳೆಯೂ ಚೆನ್ನಾಗಿ ಆಯಿತು. 2016–17ರ ರಾಶಿ ಗಂಜಿಗೆ ಬಂದಾಗ ದರ ಬೆಂಬಲ ಬೆಲೆಗಿಂತ ಕೆಳಗಿತ್ತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ. ಅದೂ ಸಿಗದೆ ರೈತರು ಖರೀದಿ ಕೇಂದ್ರದ ಮುಂದೆ ಗಾಡಿ ಸಾಲು ಹಚ್ಚಿ ಕಾದರು. 2017ರ ಆಗಸ್ಟಿನಲ್ಲಿ ಆಮದಿಗೆ ಮಿತಿ ಬಂತು. 2021ರ ಮೇನಲ್ಲಿ ಮತ್ತೆ ಬಾಗಿಲು ತೆರೆಯಿತು.

ಆಮೇಲೆ 2022. ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿ ನಿಂತ ವರ್ಷ. ನಮ್ಮ ಮನೆಯ ಹೊಲವೂ ಹೋಯಿತು. ಹೂ ಕಾಯಿ ಹಿಡಿದ ಗಿಡ ನೋಡನೋಡುತ್ತ ಒಣಗುವುದನ್ನು ಕಂಡವರಿಗೇ ಆ ಸಂಕಟ ಗೊತ್ತು. ಮಾಲು ಕಮ್ಮಿ ಆಯಿತು, ದರ ಏರಿತು. 2023ರ ಜೂನ್ 2ಕ್ಕೆ ದಿಲ್ಲಿಯಿಂದ ದಾಸ್ತಾನು ಮಿತಿಯ ಆದೇಶ ಬಂತು. ಸಗಟು ವ್ಯಾಪಾರಿ ಪ್ರತಿ ಬೇಳೆಗೆ 200 ಟನ್‌ಗಿಂತ ಜಾಸ್ತಿ ಇಡುವಂತಿಲ್ಲ, ಚಿಲ್ಲರೆ ಅಂಗಡಿಗೆ 5 ಟನ್. ಸೆಪ್ಟೆಂಬರಿನಲ್ಲಿ ಸಗಟಿನವರ 200 ಅನ್ನು 50ಕ್ಕೆ ಇಳಿಸಿದರು. ಮಿಲ್ಲಿನವರ ಮಿತಿಯನ್ನೂ ಬಿಗಿ ಮಾಡಿದರು. ವಾರವಾರ ದಾಸ್ತಾನಿನ ಲೆಕ್ಕವನ್ನು ಸರ್ಕಾರದ ಪೋರ್ಟಲ್‌ನಲ್ಲಿ ತುಂಬಬೇಕಿತ್ತು.

ಇದರ ಪೆಟ್ಟು ಹೇಗೆ ಬೀಳುತ್ತದೆ ನೋಡಿ. ನಯಾ ಬಜಾರಿನ ಖರೀದಿದಾರ ಫೋನ್ ಮಾಡಿ, "ಬೆಹೆನ್‌ಜಿ, ಮಾಲು ಬೇಕು, ಆದರೆ ಈಗ ಕಳಿಸಬೇಡಿ. ನನ್ನ ಲಿಮಿಟ್ ತುಂಬಿದೆ" ಅಂದ. ನಾನು ಮಾಲು ಇಟ್ಟುಕೊಂಡರೆ ನನ್ನ ಲಿಮಿಟ್ ತುಂಬುತ್ತದೆ. ಮಿಲ್ಲು ನಿಲ್ಲಿಸಿದರೆ ಹಮಾಲರಿಗೆ ಕೂಲಿ ಇಲ್ಲ. ಗ್ರಾಹಕರಿಗೆ ಬೇಳೆ ಸಸ್ತಾ ಸಿಗಬೇಕು ಅನ್ನುವುದು ನ್ಯಾಯವೇ. ದಾಸ್ತಾನು ಹೂಡಿ ದರ ಏರಿಸುವವರೂ ಇದ್ದಾರೆ, ಅವರನ್ನು ಹಿಡಿಯಲಿ. ಆದರೆ ಆದೇಶ ಬರೆಯುವವರಿಗೆ ದೊಡ್ಡ ಗೋದಾಮಿನವನೂ ನಮ್ಮಂಥ ಸಣ್ಣ ಮಿಲ್ಲಿನವರೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ನನ್ನ ದುಃಖ ಅದು.

2025ರ ಆರಂಭದಲ್ಲಿ ಚಕ್ರ ಮತ್ತೆ ತಿರುಗಿತು. ಒಳ್ಳೆ ರಾಶಿ ಬಂತು. ಬೆಂಬಲ ಬೆಲೆ 7,550 ಇತ್ತು, ಗಂಜಿನ ದರ ಅದಕ್ಕಿಂತ ಕೆಳಗೆ ಇಳಿಯಿತು. ರಾಜ್ಯ ಸರ್ಕಾರ 450 ಸೇರಿಸಿ 8,000 ಮಾಡಿತು. ಅದೇ ಜನವರಿಯಲ್ಲಿ ದಿಲ್ಲಿ ತೊಗರಿಯ ಸುಂಕರಹಿತ ಆಮದನ್ನು 2026ರ ಮಾರ್ಚ್ ವರೆಗೆ ಮುಂದುವರಿಸಿತು. ರಾಶಿ ಮಾಡುವ ತಿಂಗಳಲ್ಲೇ! ರೈತ ಚೀಲ ಹೊಲಿಯುತ್ತಿರುವಾಗ ಇಂಥ ಸುದ್ದಿ ಬಂದರೆ ಗಂಜಿನ ಸವಾಲು (ಹರಾಜು) ಅವತ್ತೇ ತಣ್ಣಗಾಗುತ್ತದೆ. 2025ರ ಅಕ್ಟೋಬರಿನಲ್ಲಿ 11,440 ಕೋಟಿಯ ಬೇಳೆಕಾಳು ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ತೊಗರಿಯ ಹೆಸರೂ ಇದೆ. ಅದು ನಮ್ಮ ಹೊಲದವರೆಗೆ ಬರಲಿ ಅಂತ ಮನಸಾರೆ ಬಯಸುತ್ತೇನೆ.

ಇಷ್ಟೆಲ್ಲಾ ಫೋನಿನಲ್ಲಿ ತಿಳಿಯುವುದಿಲ್ಲವೇ ಅಂತ ಮಗ ಕೇಳುತ್ತಾನೆ. ಸುದ್ದಿ ತಿಳಿಯುತ್ತದೆ. ಆದರೆ ಆ ಸುದ್ದಿ ಕೇಳಿ ಖರೀದಿದಾರ ಏನು ಮಾಡಲಿದ್ದಾನೆ ಅನ್ನುವುದು ಅವನ ಗದ್ದಿಯ ಮೇಲೆ ಎದುರಿಗೆ ಕೂತರೆ ಮಾತ್ರ ತಿಳಿಯುತ್ತದೆ. ಅವನ ಅಂಗಡಿಯಲ್ಲಿ ಯಾರ ಸ್ಯಾಂಪಲ್ ತಟ್ಟೆ ಮುಂದಿದೆ, ಯಾರದು ಮೂಲೆ ಸೇರಿದೆ, ಬರ್ಮಾದ ಲೆಮನ್ ತೊಗರಿಯ ಬೇಳೆ ಎಷ್ಟಕ್ಕೆ ಕೊಡುತ್ತಿದ್ದಾನೆ, ಆಫ್ರಿಕಾದ ಗಜ್ರಿ, ಅರುಷಾ ಬಂದಿದೆಯೋ ಇಲ್ಲವೋ. ಇದನ್ನೆಲ್ಲ ನೋಡುವುದಕ್ಕೇ ನಾನು ಹೋಗುವುದು.

ಸ್ಟೇಷನ್ನಿನಲ್ಲಿ ಇಳಿದರೆ ಅಜ್ಮೇರಿ ಗೇಟ್ ಕಡೆ ಮೆಟ್ರೋ. ಎರಡೇ ಸ್ಟಾಪ್, ಚಾಂದನಿ ಚೌಕ್. ಹಗಲು ಹೊತ್ತು ಕೆಂಪುಕೋಟೆಯಿಂದ ಫತೇಪುರಿ ಮಸೀದಿವರೆಗಿನ ರಸ್ತೆಯಲ್ಲಿ ಮೋಟಾರು ವಾಹನ ಬಿಡುವುದಿಲ್ಲ. ಭಾರ ಇದ್ದರೆ ಸೈಕಲ್ ರಿಕ್ಷಾ ಹಿಡಿಯಿರಿ. ಫತೇಪುರಿಯಿಂದ ಖಾರಿ ಬಾವಲಿ ಶುರುವಾಗುತ್ತದೆ. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂದೇ ಬರುತ್ತದೆ, ಸೆರಗು ಮೂಗಿಗೆ ಹಿಡಿದುಕೊಂಡೇ ನಡೆಯಬೇಕು. ಅದನ್ನು ದಾಟಿದರೆ ಲಾಹೋರಿ ಗೇಟ್, ನಯಾ ಬಜಾರ್. ನಮ್ಮ ದಖನಿ ಹಿಂದಿ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಕೇಳಿ ನಗುತ್ತಾರೆ, ಆಮೇಲೆ ಚಹಾ ತರಿಸುತ್ತಾರೆ.

ಅಲ್ಲಿಯವರು ಬೇಳೆ ನೋಡುವ ರೀತಿಯನ್ನು ನಾನು ತುಂಬಾ ಗೌರವಿಸುತ್ತೇನೆ. ಒಂದು ಹಿಡಿ ತೆಗೆದುಕೊಂಡು ಎರಡು ಅಂಗೈ ನಡುವೆ ತಿಕ್ಕುತ್ತಾರೆ. ಪುಡಿ ಎಷ್ಟು ಉಳಿಯಿತು ನೋಡುತ್ತಾರೆ. ಟುಕಡಿ ಎಷ್ಟು, ಸಿಪ್ಪೆಯ ಚುಕ್ಕೆ ಎಷ್ಟು, ಅಂಚು ಸವೆದಿದೆಯಾ, ಹಲ್ಲಿಗೆ ಹಾಕಿ ಕಡಿದರೆ ಸದ್ದು ಹೇಗಿದೆ. ಒಣಗಿಸುವಾಗ ನಮ್ಮಲ್ಲಿ ಒಂದು ದಿನ ಅವಸರ ಮಾಡಿದ್ದರೂ ಅವರಿಗೆ ಗೊತ್ತಾಗುತ್ತದೆ.

ಒಬ್ಬ ಹೊಸ ಖರೀದಿದಾರ ನಮ್ಮ ಬೇಳೆಯ ದರ ಕೇಳಿ ಕೈ ಮುಗಿದ. ಲೆಮನ್ ಬೇಳೆ ಇದಕ್ಕಿಂತ ಸಸ್ತಾ, ಹೊಳಪೂ ಜಾಸ್ತಿ, ನಿಮ್ಮದನ್ನು ಯಾಕೆ ಕೊಳ್ಳಲಿ ಅಂದ. ನಾನು ವಾದ ಮಾಡಲಿಲ್ಲ. ಎರಡನ್ನೂ ಬೇಯಿಸಿ ನೋಡೋಣ ಅಂದೆ. ಪಕ್ಕದ ಚಹಾ ಅಂಗಡಿಯವನಿಗೆ ಹೇಳಿ ಎರಡು ಸಣ್ಣ ಪಾತ್ರೆ ಒಲೆ ಮೇಲೆ ಇಡಿಸಿದೆವು. ಒಂದೇ ಅಳತೆ ನೀರು, ಒಂದೇ ಅಳತೆ ಬೇಳೆ, ಅರಿಶಿನವೂ ಇಲ್ಲ, ಉಪ್ಪೂ ಇಲ್ಲ. ನಮ್ಮದು ಮೊದಲು ಬೆಂದಿತು. ಅದಕ್ಕಿಂತ ಮುಂಚೆಯೇ ವಾಸನೆ ಬಂತು. ಅಕ್ಕಪಕ್ಕದ ಗದ್ದಿಯವರು ಇಬ್ಬರು ಎದ್ದು ಬಂದರು. ಚಮಚದಲ್ಲಿ ಒತ್ತಿದರೆ ನಮ್ಮ ಬೇಳೆ ಬೆಣ್ಣೆಯ ಹಾಗೆ ಕರಗಿತು. ಅವನು ಎರಡು ಚಮಚ ತಿಂದು, ಮೂರನೆಯದನ್ನು ತನ್ನ ಮುನೀಮನಿಗೆ ಕೊಟ್ಟ. ಆಮೇಲೆ ದರದ ಮಾತು ಬೇರೆ ರೀತಿ ನಡೆಯಿತು. ನಾನು ಕೇಳಿದಷ್ಟು ಕೊಡಲಿಲ್ಲ, ಅವನು ಹೇಳಿದಷ್ಟಕ್ಕೆ ನಾನೂ ಇಳಿಯಲಿಲ್ಲ. ಒಂದು ಲಾರಿ ಮಾಲಿಗೆ ಮಾತಾಯಿತು. ನಮ್ಮ ಕಪ್ಪು ಭೂಮಿ, ಅದರಡಿಯ ಸುಣ್ಣದ ಕಲ್ಲು ಆ ಬೇಳೆಗೆ ಕೊಟ್ಟ ರುಚಿಯನ್ನು ವಾಟ್ಸಾಪ್ ಫೋಟೋದಲ್ಲಿ ಕಳಿಸಲು ಆಗುವುದಿಲ್ಲ. 1,800 ಕಿಲೋಮೀಟರ್ ಹೊತ್ತು ತರಬೇಕು.

ವಸೂಲಿಯ ಕಥೆ ಅಷ್ಟು ಖುಷಿಯದಲ್ಲ. ಇನ್ನೊಬ್ಬ ಖರೀದಿದಾರ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡಿದ್ದ. ಫೋನ್ ಮಾಡಿದರೆ "ಸೋಮವಾರ". ಸೋಮವಾರ ಮಾಡಿದರೆ ಫೋನ್ ಎತ್ತುವುದಿಲ್ಲ. ಗಂಜಿನಲ್ಲಿ ನಾವು ಅಡತಿಯವರಿಗೆ ದುಡ್ಡು ಕೊಡಬೇಕು, ಅವರು ರೈತರಿಗೆ ಕೊಡಬೇಕು. ದಿಲ್ಲಿಯ ಒಬ್ಬನ ಸೋಮವಾರ ನಮ್ಮಲ್ಲಿ ಒಂದು ಮದುವೆಯನ್ನೇ ಮುಂದೆ ಹಾಕಿಸುತ್ತದೆ. ನಾನು ಹೇಳದೆ ಹೋಗಿ ಅವನ ಅಂಗಡಿಯಲ್ಲಿ ಕೂತೆ. ಜಗಳ ಮಾಡಲಿಲ್ಲ. ಊಟದ ಹೊತ್ತಿಗೆ ರೊಟ್ಟಿ ಬಿಚ್ಚಿ ಅಲ್ಲೇ ತಿಂದೆ, ಅವನಿಗೂ ಕೊಟ್ಟೆ. ಬಂದ ಗ್ರಾಹಕರೆಲ್ಲ ನನ್ನನ್ನು ನೋಡಿ, ಯಾರಿವರು ಅಂತ ಕೇಳುತ್ತಿದ್ದರು. ಸಂಜೆಯೊಳಗೆ ಅರ್ಧ ಬಾಕಿ ಬ್ಯಾಂಕಿಗೆ ಬಂತು. ಉಳಿದದ್ದಕ್ಕೆ ಚೆಕ್ ಬರೆದುಕೊಟ್ಟ, ಅದೂ ಪಾಸಾಯಿತು. ಅವನ ಜೊತೆ ಈಗ ವ್ಯಾಪಾರವಿಲ್ಲ. ಬಾಕಿ ಬಿಡಿಸಿಕೊಂಡ ಸಮಾಧಾನ ಮಾತ್ರ ಇದೆ.

ಈಗ ಕೊರತೆಗಳಿಗೆ ಬರುತ್ತೇನೆ. ನಮ್ಮ ಹೊಸ ರಾಶಿ ಗಂಜಿಗೆ ಬರುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ. ಹೊಸ ಬೇಳೆಯ ಸ್ಯಾಂಪಲ್ ತೋರಿಸಬೇಕಾದದ್ದು ಆಗಲೇ. ಉತ್ತರದಲ್ಲಿ ಮಂಜು ಕವಿಯುವುದೂ ಆಗಲೇ. ಆ ತಿಂಗಳುಗಳಲ್ಲಿ ದಿಲ್ಲಿ ಕಡೆ ಹೋಗುವ ಗಾಡಿಗಳೆಲ್ಲಾ ತಡವಾಗುತ್ತವೆ. ಬೆಳಿಗ್ಗೆ ಮುಟ್ಟಬೇಕಾದ ಗಾಡಿ ಮಧ್ಯಾಹ್ನಕ್ಕೆ ಬಂದರೆ ಒಂದು ದಿನದ ಕೆಲಸ ಅರ್ಧ ದಿನಕ್ಕೆ ಕುಗ್ಗುತ್ತದೆ. ಮಂಜಿಗೆ ಯಾರನ್ನೂ ಬೈಯಲು ಆಗದು. ಹಾಗಾಗಿ ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅದೇ ರಾತ್ರಿಯ ವಾಪಸ್ ಟಿಕೆಟ್ ತೆಗೆಯಬೇಡಿ, ಮರುದಿನದ್ದು ತೆಗೆಯಿರಿ. ಆ ಒಂದು ರಾತ್ರಿಗೆ ಪರಿಚಯದವರ ಮನೆ ಇದ್ದರೆ ಮೊದಲೇ ಹೇಳಿಡಿ. ಚಳಿಗೆ ರಗ್ಗು, ಸ್ವೆಟರ್ ಬೇಕೇ ಬೇಕು. ನಮ್ಮ ಕಲಬುರಗಿಯವರಿಗೆ ಬಿಸಿಲು ಗೊತ್ತು, ಆ ಚಳಿ ಗೊತ್ತಿಲ್ಲ.

ಎರಡನೆಯದು, ಇದು ಕಲಬುರಗಿಯಿಂದ ಹೊರಡುವ ಗಾಡಿಯಲ್ಲ. ಬೆಂಗಳೂರಿನವರು, ಅನಂತಪುರದವರು, ರಾಯಚೂರಿನವರು ಹತ್ತಿದ ಮೇಲೆ ನಮ್ಮ ಸರದಿ. ದರ ಜಿಗಿದಾಗ ಎರಡು ದಿನದಲ್ಲಿ ಹೊರಡಬೇಕು ಅಂದರೆ ಬರ್ತ್ ಸಿಗುವುದು ಕಷ್ಟ. ಜೋಳದ ಹಿಟ್ಟು ಮಾರುವವರು, ದಾಲ್ ಮಿಲ್ಲಿನವರು, ಶಹಾಬಾದ್ ಕಲ್ಲಿನವರು, ಓದುವ ಮಕ್ಕಳು ಎಲ್ಲರಿಗೂ ದಿಲ್ಲಿಯಲ್ಲಿ ಕೆಲಸ ಇದೆ. 2014ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ ಕಲಬುರಗಿ ರೈಲ್ವೆ ವಿಭಾಗಕ್ಕೆ ಅಡಿಗಲ್ಲು ಹಾಕಿದರು. ಊರೆಲ್ಲ ಸಂಭ್ರಮ ಪಟ್ಟಿತ್ತು. ಆ ವಿಭಾಗ ಇನ್ನೂ ಆಗಿಲ್ಲ. 2017ರಲ್ಲಿ ಬೀದರ್–ಕಲಬುರಗಿ ಲೈನು ಬಂತು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ವಂದೇ ಭಾರತ್ ಬಂತು. ಎರಡೂ ಒಳ್ಳೆಯದಾಯಿತು. ಇನ್ನು ಬೇಕಾದದ್ದು ಇಲ್ಲಿಂದಲೇ ಹೊರಡುವ ಒಂದು ದಿಲ್ಲಿ ಗಾಡಿ. ದಿನವೂ ಬೇಡ, ರಾಶಿಯ ಕಾಲದಲ್ಲಿ ವಾರಕ್ಕೆ ಎರಡು ಸಲ ಬಿಟ್ಟರೂ ಸಾಕು.

ಮೂರನೆಯದು, ವಾಪಸ್ ಬರುವ ಹೊತ್ತು. 12628 ಮರುದಿನ ರಾತ್ರಿ ಬಹಳ ತಡವಾಗಿ ಕಲಬುರಗಿ ಮುಟ್ಟುತ್ತದೆ. ಹೆಂಗಸರು ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು. ನನ್ನ ಮಗ ಬೈಕ್ ತರುತ್ತಾನೆ, ಖಾಲಿ ಚೀಲ ನೋಡಿದ ಮೇಲೆಯೇ ವ್ಯಾಪಾರ ಹೇಗಾಯಿತು ಅಂತ ಕೇಳುತ್ತಾನೆ. ಫೋನಿನಲ್ಲಿ ಅಲಾರಾಂ ಇಟ್ಟು ಮಲಗಿ. ನಿದ್ದೆ ಹತ್ತಿದರೆ ಕಣ್ಣು ಬಿಡುವುದು ರಾಯಚೂರಿನಲ್ಲಿ.

ವಿಮಾನದಲ್ಲಿ ಹೋಗಬಾರದೇ ಅಂದರೆ, ನಮ್ಮಲ್ಲಿ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹೈದರಾಬಾದಿಗೆ ಹೋಗಿ ದಿಲ್ಲಿಗೆ ಹಾರಬಹುದು. ತುರ್ತು ಇದ್ದಾಗ ಸರಿ. ಆದರೆ ಸ್ಯಾಂಪಲ್‌ಗಳ ಭಾರ, ಟಿಕೆಟ್ ದರ, ಹೈದರಾಬಾದಿನ ದಾರಿ ಎಲ್ಲಾ ಕೂಡಿಸಿದರೆ ಸಣ್ಣ ವ್ಯಾಪಾರಿಗೆ ಲೆಕ್ಕ ಕೂಡುವುದಿಲ್ಲ. ಲಾರಿಗೂ ಕೆಕೆ ಗಾಡಿಗೂ ಹೋಲಿಕೆ ಬೇಡ. ಲಾರಿ ಮೂರ್ನಾಲ್ಕು ದಿನ ತೆಗೆದುಕೊಂಡರೂ ಮಾಲು ಅದರಲ್ಲೇ ಹೋಗಬೇಕು.

ಹೊಸದಾಗಿ ಹೋಗುವವರಿಗೆ ಕೊನೆಗೆ ನಾಲ್ಕು ಮಾತು. ಥರ್ಡ್ ಎ.ಸಿ. ತೆಗೆಯಿರಿ, ಒಂದು ರಾತ್ರಿ ಒಳ್ಳೆ ನಿದ್ದೆ ಆದರೆ ಮರುದಿನ ದರದ ಮಾತಿನಲ್ಲಿ ತಲೆ ಓಡುತ್ತದೆ. ಸ್ಯಾಂಪಲ್ ಪೊಟ್ಟಣದ ಮೇಲೆ ದರ್ಜೆ, ತೊಗರಿಯ ತಳಿ, ಬೇಳೆ ಮಾಡಿದ ತಾರೀಕು ಕಾಣುವ ಹಾಗೆ ಬರೆಯಿರಿ. ತಳಿ ಟಿಎಸ್-3ಆರ್ ಆದರೆ ಅದನ್ನೇ ಬರೆಯಿರಿ, ಕೇಳುವವರು ಇದ್ದಾರೆ. ಒಂದು ಪೊಟ್ಟಣ ಒಡೆಯದೆ ಖರೀದಿದಾರನ ಹತ್ತಿರವೇ ಬಿಟ್ಟು, ಅದರ ಜೋಡಿಯನ್ನು ನಿಮ್ಮ ಮಿಲ್ಲಿನಲ್ಲಿ ಇಟ್ಟುಕೊಳ್ಳಿ. ಲಾರಿ ಮುಟ್ಟಿದ ಮೇಲೆ ತಕರಾರು ಬಂದರೆ ಎರಡನ್ನೂ ಎದುರೆದುರು ಇಟ್ಟು ನೋಡಬಹುದು. ಮತ್ತೆ, ಬಾಕಿ ಇರುವ ಅಂಗಡಿಗೆ ಮೊದಲು ಹೋಗಿ, ಹೊಸ ಗಿರಾಕಿಯ ಹತ್ತಿರ ಆಮೇಲೆ. ಮಧ್ಯಾಹ್ನದ ಮೇಲೆ ಬಾಕಿಯವರು ಗದ್ದಿಯಲ್ಲಿ ಸಿಗುವುದಿಲ್ಲ.